ಹ್ಯಾಂಬರ್ಗಿನಲ್ಲಿ ಹಾಕಿದ ಸೈನು

ರಾಜಗೋಪಾಲನಗರ

ಒಟ್ಟು ಹನ್ನೊಂದೇ ಹಾಡು ಮಾಡಿದ ಒಂದು ತಂಡ. ಅದರ 'ಗ್ರೇಟೆಸ್ಟ್ ಹಿಟ್ಸ್' ಎಂದು ಒಂದು ಗ್ರಾಮಫೋನ್ ತಟ್ಟೆ ಬರುತ್ತದೆ, ಅದರಲ್ಲಿ ಹತ್ತು ಹಾಡು ಇರುತ್ತವೆ ಎಂದರೆ, ಬಿಟ್ಟುಹೋದ ಆ ಒಂದು ಹಾಡು ಎಷ್ಟು ದರಿದ್ರವಾಗಿರಬೇಕು, ನೀವೇ ಊಹಿಸಿ. ಅದನ್ನು ಬರೆದವನು ನಾನು. ಉಳಿದ ಹತ್ತರಲ್ಲೂ ಅರ್ಧ ನನ್ನದೇ. ಅವು ಯಾವ ಕಾಲದಲ್ಲೂ ಹಿಟ್ ಆಗಿರಲಿಲ್ಲ. ನೂರು ಕ್ಯಾಸೆಟ್ ಮಾಡಿಸಿದ್ದೆವು. ನಮ್ಮ ಬೀದಿಯ ಬೇಕರಿಯವನು ಅವನ್ನು ಆರು ತಿಂಗಳು ಕೌಂಟರಿನ ಮೇಲೆ ಇಟ್ಟುಕೊಂಡಿದ್ದು, ಕೊನೆಗೆ ಬನ್ನು ಇಡಲು ಜಾಗವಿಲ್ಲ ಎಂದು ವಾಪಸು ಕೊಟ್ಟಿದ್ದ.

ಇಪ್ಪತ್ತು ವರ್ಷದ ಹಿಂದಿನ ಮಾತು. ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ಸುಗಳ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ ನಾನೂ ಚಂದ್ರುವೂ ಸೇರಿ 'ಸೆಕೆಂಡ್ ಶಿಫ್ಟ್' ಎಂದು ತಂಡ ಕಟ್ಟಿದ್ದೆವು. ಹಾಡಲು ಇಬ್ಬರಿಗೂ ಬರುತ್ತಿರಲಿಲ್ಲ, ಆದ್ದರಿಂದ ರ‍್ಯಾಪ್ ಮಾಡುತ್ತಿದ್ದೆವು. ತಾಳಕ್ಕೆ ತಕ್ಕಂತೆ ಜಗಳ ಆಡ್ತಾರೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಈಗ ಅದೇ ನಮ್ಮನ್ನು ಕನ್ನಡ ಹಿಪ್‌ಹಾಪ್‌ನ ಆದ್ಯ ಪ್ರವರ್ತಕರು ಎನ್ನುತ್ತಾರೆ. ವೈಟ್‌ಫೀಲ್ಡಿನ ಯಾವನೋ ಪುಣ್ಯಾತ್ಮನಿಗೆ ಹಳೇ ಸಾಮಾನಿನ ಅಂಗಡಿಯಲ್ಲಿ ನಮ್ಮದೊಂದು ಕ್ಯಾಸೆಟ್ ಸಿಕ್ಕಿತಂತೆ. ಅವನು ಅದನ್ನು ಇಂಟರ್ನೆಟ್ಟಿಗೆ ಏರಿಸಿದ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೂತ ಮಾರ್ಟಿನ್ ಎಂಬ ಮನುಷ್ಯ ಅದನ್ನು ಕೇಳಿದ. ಲೋಕದ ಮೂಲೆ ಮೂಲೆಯಿಂದ ಮರೆತುಹೋದ ಹಾಡು ಹುಡುಕಿ ತಟ್ಟೆ ಮಾಡಿ ಮಾರುವುದು ಅವನ ಕಸುಬು. ಚಂದ್ರು ತನ್ನ ಬಳಿ ಇದ್ದ ಮೂಲ ಟೇಪನ್ನು ಕೊರಿಯರ್ ಮಾಡಿದ. ಬಿಡುಗಡೆಗೆ ಇಬ್ಬರಿಗೂ ಟಿಕೆಟ್ ಬಂತು.

ಚಂದ್ರುವಿನ ಬಗ್ಗೆ ಒಂದು ಮಾತು. ಅವನೀಗ ಪ್ರೆಸ್ಸು ಮುಟ್ಟುವುದಿಲ್ಲ. ಮಹದೇವಪುರದ ಟೆಕ್ ಪಾರ್ಕುಗಳಲ್ಲಿ ಇಂಜಿನಿಯರುಗಳನ್ನು ಸಾಲಾಗಿ ನಿಲ್ಲಿಸಿ, ಕಂಪನಿಯ ಟಾರ್ಗೆಟ್ಟಿನ ಮೇಲೆ ರ‍್ಯಾಪ್ ಹೇಳಿಸಿ, ತಂಡದಲ್ಲಿ ಒಗ್ಗಟ್ಟು ಮೂಡಿಸುತ್ತಾನಂತೆ. ಹೆಸರು ಕೋಚ್ ಚಾಂಡಿ. ನಲವತ್ತೇಳನೇ ವಯಸ್ಸಿನಲ್ಲಿ ಟೋಪಿ ಹಿಂದುಮುಂದು ಹಾಕುತ್ತಾನೆ. ನಾನು ಅದೇ ಪೀಣ್ಯದಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರು. ಬೇರೆಯವರು ಮಾಡಿದ್ದನ್ನು ಅಳೆದು, ಸರಿಯಿಲ್ಲ ಎಂದು ಹೇಳುವುದೇ ನನ್ನ ಜೀವನ. ನನಗೆ ಹೇಳಿ ಮಾಡಿಸಿದ ಕೆಲಸ.

ತಂಡದಲ್ಲಿ ಮೂರನೆಯವಳೊಬ್ಬಳಿದ್ದಳು, ರತ್ನಕ್ಕ. ಕುಣಿಗಲ್ ಕಡೆಯವಳು, ನಮ್ಮ ಶೆಡ್ಡಿನ ಪವರ್ ಪ್ರೆಸ್ಸಿನ ಆಪರೇಟರು. ನಮ್ಮ ಹತ್ತಿರ ಡ್ರಮ್ಮು ಇರಲಿಲ್ಲ, ಡ್ರಮ್ ಬಾರಿಸುವ ಮೆಷಿನ್ ಇದೆ ಎಂಬುದೂ ಗೊತ್ತಿರಲಿಲ್ಲ. ಭಾನುವಾರ ಮಾಲೀಕರ ಕಣ್ಣು ತಪ್ಪಿಸಿ ಶೆಡ್ಡಿಗೆ ಹೋಗುತ್ತಿದ್ದೆವು. ರತ್ನಕ್ಕ ತಗಡಿನ ಪಟ್ಟಿಯನ್ನು ಡೈ ಎಂಬ ಅಚ್ಚಿನ ಕೆಳಗೆ ತಳ್ಳಿ ಪೆಡಲ್ ಒತ್ತುತ್ತಿದ್ದಳು. ಡಬ್, ಚಕ್. ಡಬ್, ಚಕ್. ಒಂದು ಏಟು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅದರ ಮೇಲೆ ನಾವಿಬ್ಬರೂ ಬೊಬ್ಬೆ ಹೊಡೆಯುತ್ತಿದ್ದೆವು. ಹನ್ನೊಂದು ಹಾಡಿಗೂ ಅವಳ ಕಾಲೇ ತಾಳ. ಈಗ ಯೋಚಿಸಿದರೆ ಆ ಕ್ಯಾಸೆಟ್ಟಿನಲ್ಲಿ ಕೆಲಸ ಬಲ್ಲವರು ಅಂತ ಇದ್ದದ್ದು ಅವಳೊಬ್ಬಳೇ.

ಶಿಫ್ಟ್ ಮುಗಿದು ಹೊರಡುವಾಗ ರತ್ನಕ್ಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ "ಹತ್ತಾ?" ಎಂದು ಕೇಳುತ್ತಿದ್ದಳು. ಎರಡೂ ಕೈ ಬಿಚ್ಚಿ ತೋರಿಸಿ "ಹತ್ತು" ಎನ್ನಬೇಕು. ಪ್ರೆಸ್ ಶಾಪಿನಲ್ಲಿ ಸಂಜೆ ಬೆರಳು ಲೆಕ್ಕ ಹಾಕುವುದು ಹುಡುಗಾಟವಲ್ಲ. ನಮ್ಮ ಮೊದಲ ಹಾಡೇ ಅದು, 'ಹತ್ತಾ?':

ಆರು ಗಂಟೆಗೆ ಸೈರನ್ನು, ಟೀ ಕುಡಿಯೋಕೂ ಇಲ್ಲ ಟೈಮು
ಡೈ ಕೆಳಗಿದೆ ನನ್ ಬೆರಳು, ಸಾಹೇಬ್ರು ಕೇಳ್ತಾರೆ ನೇಮು

ಇದನ್ನೇ ಮಾರ್ಟಿನ್ ಮಹಾಕಾವ್ಯ ಎಂದಿದ್ದು.

ಹೊರಡುವ ಹಿಂದಿನ ದಿನ ರಾಜಗೋಪಾಲನಗರದ ಅವಳ ವಠಾರಕ್ಕೆ ಹೋದೆ. ಆ ಶೆಡ್ಡು ಮುಚ್ಚಿ ಈಗ ಆನ್‌ಲೈನ್ ಪಾರ್ಸೆಲ್ಲಿನ ಗೋಡೌನ್ ಆಗಿದೆ, ಪ್ರೆಸ್ಸು ಗುಜರಿಗೆ ಹೋಗಿದೆ. ರತ್ನಕ್ಕನ ಕಿವಿಗಳೂ ಹೋಗಿವೆ. ಹತ್ತಿರ ಕೂತು ಕೂಗಿದರೆ ಅಲ್ಪಸ್ವಲ್ಪ ಕೇಳುತ್ತದೆ.

"ಏನೋ ಮಂಜಾ, ದೂರ್ ದೇಸುಕ್ ಓಯ್ತೀಯಂತೆ?"

"ಹೂಂ ಅಕ್ಕ! ನಮ್ ಹಾಡು ತಟ್ಟೆ ಮಾಡ್ತಾರಂತೆ! ಅದನ್ನೂ ಪ್ರೆಸ್ಸಲ್ಲೇ ಒತ್ತೋದಂತೆ!"

ಅವಳಿಗೆ ಅದು ಬಹಳ ಹಿಡಿಸಿತು. ಸ್ವಲ್ಪ ಹೊತ್ತು ತಲೆಯಾಡಿಸಿದಳು. ಆಮೇಲೆ ಹೇಳಿದಳು: "ನನ್ ಎಸ್ರು ಆಕ್ಸು, ಪೋಟ ಆಕ್ಸು ಅಂತೆಲ್ಲ ನಾನ್ ಕೇಳಾಕಿಲ್ಲ ಕಣೋ. ನನ್ ಪ್ರೆಸ್ ಸದ್ದು ಮಾತ್ರ ಓಗ್ದಂಗೆ ನೋಡ್ಕೊ. ಕಿವಿ ಎಲ್ಡೂ ಆ ಸದ್ದಿಗೇ ಓದ್ವು. ಆ ಸದ್ದಾದ್ರೂ ಎಲ್ಲಾದ್ರೂ ಒಂದ್ ಕಡೆ ಇರ್ಲಿ."

"ಇರುತ್ತೆ ಬಿಡಕ್ಕ!" ಎಂದು ಕೂಗಿದೆ. "ಫಸ್ಟ್ ಪೀಸ್‌ಗೆ ನಾನೇ ಸೈನ್ ಹಾಕ್ಬೇಕು! ನನ್ ಸೈನ್ ಇಲ್ದೆ ಮೆಷಿನ್ ಓಡ್ಸಲ್ಲ ಅವ್ರು!"

ನಿಜ. ಪೀಣ್ಯದಲ್ಲಿ ಹೇಗೋ ಅಲ್ಲೂ ಹಾಗೇ. ಮೊದಲು ಒಂದು ತಟ್ಟೆ ಒತ್ತುತ್ತಾರೆ, ತಂಡದವರು ನೋಡಿ ಒಪ್ಪಬೇಕು, ಆಮೇಲೆ ಉಳಿದದ್ದು. ಮಾರ್ಟಿನ್ ಪತ್ರ ಬರೆದಾಗ ಚಂದ್ರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದ. ನನಗೋ ಒಳಗೊಳಗೇ ಹೆಮ್ಮೆ.

ವಿಮಾನ ನಿಲ್ದಾಣ

ಕೈಚೀಲದಲ್ಲಿದ್ದ ನನ್ನ ವರ್ನಿಯರ್ ಕ್ಯಾಲಿಪರನ್ನು ತಪಾಸಣೆಯವರು ಹೊರಗೆ ತೆಗೆದರು. ಉಕ್ಕಿನದು, ಎರಡು ತುದಿಯೂ ಚೂಪು. ಆಯುಧ ಇದ್ದ ಹಾಗೇ ಇದೆ, ನಾನು ಅಲ್ಲಗಳೆಯುವುದಿಲ್ಲ.

"ಏನ್ ಸಾರ್ ಇದು?"

"ವರ್ನಿಯರ್."

"ಜರ್ಮನಿಗೆ ಯಾಕೆ ಸಾರ್?"

"ಅಳತೆ ಮಾಡೋಕೆ."

"ಯಾರನ್ನ?"

ಚಂದ್ರು ನಾಲ್ಕು ಹೆಜ್ಜೆ ಆಚೆ ಸರಿದು, ನಾನು ಯಾರೋ ತಾನು ಯಾರೋ ಎನ್ನುವಂತೆ ಮೊಬೈಲ್ ನೋಡುತ್ತಾ ನಿಂತ. ಆದ್ಯ ಪ್ರವರ್ತಕರ ನಡುವಿನ ಒಗ್ಗಟ್ಟು ಅಂಥದ್ದು. ಕೊನೆಗೆ ದೊಡ್ಡ ಅಧಿಕಾರಿ ಬಂದರು. ವರ್ನಿಯರನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಗೊತ್ತಾಯಿತು, ಅವರೂ ಯಾವುದೋ ಕಾಲದಲ್ಲಿ ಡಿಪ್ಲೊಮಾ ಓದಿದವರು. ನನ್ನ ಬೋರ್ಡಿಂಗ್ ಪಾಸಿನ ದಪ್ಪ ಅಳೆದು, ಓದಿ, ಸಮಾಧಾನವಾಗಿ ನಕ್ಕರು. ಇದನ್ನು ಒಳಗೆ ಬಿಡುವ ಹಾಗಿಲ್ಲ ಎಂದು ಹೇಳಿ, ಲಗೇಜಿಗೆ ಸೇರಿಸಿ ಬನ್ನಿ ಎಂದು ನನ್ನನ್ನು ವಾಪಸು ಕಳಿಸಿದರು. ಇನ್ನೊಂದು ಸಲ ಸಾಲು ನಿಂತೆ. ಬಿಟ್ಟು ಹೋಗಬಹುದಿತ್ತು. ಬಿಟ್ಟು ಹೋಗಿದ್ದರೆ ಈ ಕಥೆ ಬೇರೆ ಆಗುತ್ತಿತ್ತು.

ಹ್ಯಾಂಬರ್ಗ್, ಮೊದಲ ದಿನ

ಹ್ಯಾಂಬರ್ಗಿನಲ್ಲಿ ಜನ ಖಾಲಿ ರಸ್ತೆಯಲ್ಲಿ ಕೆಂಪು ದೀಪ ನೋಡುತ್ತಾ ನಿಲ್ಲುತ್ತಾರೆ. ಈ ಕಡೆಯಿಂದ ಒಂದು ಸೈಕಲ್ ಇಲ್ಲ, ಆ ಕಡೆಯಿಂದ ಒಂದು ನಾಯಿ ಇಲ್ಲ, ಆದರೂ ಹತ್ತು ಜನ ದೇವರ ಮುಂದೆ ನಿಂತ ಹಾಗೆ ನಿಂತಿದ್ದರು. ಜಾಲಹಳ್ಳಿ ಕ್ರಾಸಿನಲ್ಲಿ ಮೂವತ್ತು ವರ್ಷ ರಸ್ತೆ ದಾಟಿ ಬದುಕಿ ಬಂದವನು ನಾನು. ಅಭ್ಯಾಸಬಲದಿಂದ ದಾಟಿಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ಏನೋ ಕೂಗಿದಳು. ನಮ್ಮನ್ನು ಕರೆದೊಯ್ಯುತ್ತಿದ್ದ ಮಾರ್ಟಿನ್ ಕೆಂಪಗಾಗಿ, ಮಕ್ಕಳು ನೋಡುತ್ತಿದ್ದರೆ ಕೆಟ್ಟ ಮಾದರಿ ಆಗುತ್ತದೆ ಎಂದ. ಸುತ್ತಮುತ್ತ ಒಂದು ಮಗುವೂ ಇರಲಿಲ್ಲ.

ಮಾರ್ಟಿನ್ ಒಳ್ಳೆಯವನೇ. ಎತ್ತರದ, ತೆಳ್ಳಗಿನ ಮನುಷ್ಯ. ನಾವು ಏನು ಹೇಳಿದರೂ ಕಣ್ಣು ತೇವ ಮಾಡಿಕೊಳ್ಳುತ್ತಾನೆ, ಅಷ್ಟೇ ಕಾಟ. ನಾವು ಇಳಿದುಕೊಂಡಿದ್ದ ಅವನ ಮನೆಯ ಗೋಡೆ ತುಂಬಾ ತಟ್ಟೆಗಳು. ಯಾವ ಯಾವುದೋ ದೇಶದ ಹಾಡನ್ನು ನಮ್ಮ ಹೆಂಗಸರು ಉಪ್ಪಿನಕಾಯಿ ಜಾಡಿ ಜೋಡಿಸಿದಂತೆ ಊರಿನ ಹೆಸರು ಬರೆದು ಜೋಡಿಸಿದ್ದ. ನಮಗೂ ಒಂದು ಜಾಗ ಖಾಲಿ ಬಿಟ್ಟಿದ್ದ, 'ಪೀಣ್ಯ' ಎಂದು ಚೀಟಿ ಅಂಟಿಸಿ.

ನಮ್ಮ ಹಾಡುಗಳಲ್ಲಿರುವ ಪ್ರತಿರೋಧದ ಬಗ್ಗೆ ಹೇಳಿ ಎಂದು ಕೇಳಿದ. ನಾನು, ಪ್ರತಿರೋಧ ಏನೂ ಇರಲಿಲ್ಲ, ಭಾನುವಾರ ಬೇರೆ ಕೆಲಸ ಇರುತ್ತಿರಲಿಲ್ಲ ಎಂದೆ. ಅದನ್ನು ಅವನು ಬರೆದುಕೊಳ್ಳಲಿಲ್ಲ. ಚಂದ್ರು ಟೋಪಿ ಸರಿಮಾಡಿಕೊಂಡು, ವ್ಯವಸ್ಥೆಯ ವಿರುದ್ಧ ನಮ್ಮ ಹೋರಾಟ ಎಂದು ಶುರು ಮಾಡಿದ. ಅದನ್ನು ಮಾರ್ಟಿನ್ ಅರ್ಧ ಗಂಟೆ ಬರೆದುಕೊಂಡ. ವ್ಯವಸ್ಥೆ ಎಂದರೆ ನಮಗಾಗ ಶೆಡ್ಡಿನ ಮಾಲೀಕರು, ಅವರು ಯುಗಾದಿಗೆ ಎಲ್ಲರಿಗೂ ಬಟ್ಟೆ ಕೊಡಿಸುತ್ತಿದ್ದರು.

ಅದು ಭಾನುವಾರ. ಇಡೀ ಬೀದಿ ಹೆಣದ ಮನೆಯಂತೆ ಮೌನ. ನಾನು ಸೂಟ್‌ಕೇಸಿನ ಕಿತ್ತುಬಂದ ಚಕ್ರವನ್ನು ಸರಿಮಾಡೋಣವೆಂದು ಸುತ್ತಿಗೆಯಲ್ಲಿ ಎರಡೇ ಏಟು ಹಾಕಿದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಅಲ್ಲಿ ಭಾನುವಾರ ಸುತ್ತಿಗೆ ಹಿಡಿಯುವಂತಿಲ್ಲ, ಗೋಡೆ ಕೊರೆಯುವಂತಿಲ್ಲ, ಖಾಲಿ ಬಾಟಲಿಯನ್ನು ಡಬ್ಬಿಗೆ ಹಾಕುವಂತೆಯೂ ಇಲ್ಲವಂತೆ. ನಮ್ಮ ಹನ್ನೊಂದು ಹಾಡೂ ಹುಟ್ಟಿದ್ದು ಭಾನುವಾರ, ಕಬ್ಬಿಣ ಕುಟ್ಟಿಕೊಂಡು! ಸದ್ದು ಎಂದರೆ ಕಾಯಿಲೆ ಎಂದು ತಿಳಿದ ಈ ಜನಕ್ಕೆ ನಮ್ಮ ಹಾಡಿನಲ್ಲಿ ಅದೇನು ಕಂಡಿತೋ ಎಂದು ನಕ್ಕುಕೊಂಡೆ. ನಗುವ ಬದಲು ಸ್ವಲ್ಪ ಯೋಚನೆ ಮಾಡಬೇಕಿತ್ತು.

ತಟ್ಟೆಯ ಕಾರ್ಖಾನೆ

ಮಾರನೇ ದಿನ ಊರಿಂದ ಒಂದು ಗಂಟೆ ದೂರದ ಸಣ್ಣ ಕಾರ್ಖಾನೆಗೆ ಹೋದೆವು. ಜರ್ಮನಿಯ ಮೆಷಿನ್ ಎಂದರೆ ನಮ್ಮ ಪೀಣ್ಯದಲ್ಲಿ ಕೈಮುಗಿಯುತ್ತಾರೆ. ಅಲ್ಲಿ ನೋಡಿದರೆ ನನಗಿಂತ ವಯಸ್ಸಾದ ಪ್ರೆಸ್ಸುಗಳು, ಎಣ್ಣೆ ಸೋರುತ್ತಿತ್ತು, ಸೋರುವ ಕಡೆ ಡಬ್ಬ ಇಟ್ಟಿದ್ದರು. ಥೇಟ್ ನಮ್ಮದೇ. ಬಂದಾಗಿನಿಂದ ಮೊದಲ ಸಲ ನನಗೆ ಹಾಯೆನಿಸಿತು.

ಪ್ರೆಸ್ಸಿನ ಆಪರೇಟರು ಊವೆ ಎಂಬ ಮುದುಕ. ರಾಗಿಮುದ್ದೆಯಂಥ ಬಿಸಿಯಾದ ಕಪ್ಪು ಉಂಡೆಯನ್ನು ಎರಡು ಡೈಗಳ ನಡುವೆ ಇಟ್ಟು ಗುಂಡಿ ಒತ್ತಿದ. ಪ್ರೆಸ್ಸು ಉಸ್ ಎಂದು ಮುಚ್ಚಿಕೊಂಡಿತು, ಉಸ್ ಎಂದು ತೆರೆದುಕೊಂಡಿತು. ಮುದ್ದೆ ತಟ್ಟೆಯಾಗಿತ್ತು. ಅವನಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು. ನಾನು ಸುಮ್ಮನೆ ಎರಡೂ ಕೈ ಬಿಚ್ಚಿ ತೋರಿಸಿ "ಹತ್ತಾ?" ಎಂದೆ. ಊವೆ ಒಂದು ಗಳಿಗೆ ನನ್ನನ್ನೇ ನೋಡಿ, ಕೈಗವಸು ತೆಗೆದು ತನ್ನ ಕೈ ಎತ್ತಿದ. ಒಂಬತ್ತು. ಇಬ್ಬರೂ ನಕ್ಕೆವು. ಆ ದೇಶದಲ್ಲಿ ನಾನು ಆಡಿದ್ದರಲ್ಲಿ ಪೂರ್ತಿ ಅರ್ಥವಾದ ಮಾತು ಅದೊಂದೇ.

ಮೊದಲ ತಟ್ಟೆಯನ್ನು ಅವನು ನನ್ನ ಕೈಗೆ ಕೊಟ್ಟು ಒಂದು ಪುಟ್ಟ ಕೋಣೆ ತೋರಿಸಿದ. ಒಳಗೆ ಒಂದು ಮೇಜು, ತಟ್ಟೆ ಹಾಕುವ ಮೆಷಿನ್, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಒಂದು ಫಾರ್ಮು. ಚಂದ್ರು ಹೊರಗೆ ಉಗಿಯ ಮುಂದೆ ನಿಂತು ತನ್ನದೇ ವಿಡಿಯೊ ಮಾಡಿಕೊಳ್ಳುತ್ತಿದ್ದ. ಮಾರ್ಟಿನ್ ಫಾರ್ಮಿನ ಸಾಲುಗಳನ್ನು ಇಂಗ್ಲಿಷಿನಲ್ಲಿ ಹೇಳಿ, ಸರಿಯಿದ್ದರೆ ಟಿಕ್ ಮಾಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ ಎಂದು ಬಾಗಿಲು ಎಳೆದುಕೊಂಡು ಹೋದ.

ನಾನು ವರ್ನಿಯರ್ ತೆಗೆದೆ.

ಮಧ್ಯದ ತೂತು ಅಳೆದೆ. ಅಂಚಿನ ದಪ್ಪವನ್ನು ನಾಲ್ಕು ಕಡೆ ಅಳೆದೆ. ಮೇಜಿನ ಗಾಜಿನ ಮೇಲೆ ಮಲಗಿಸಿ, ಕಣ್ಣು ಕೆಳಗಿಟ್ಟು ಡೊಂಕಿದೆಯೇ ಎಂದು ನೋಡಿದೆ. ಹೆಬ್ಬೆರಳನ್ನು ಅಂಚಿನ ಸುತ್ತ ಓಡಿಸಿದೆ, ಎಲ್ಲೂ ಬರ್ ಇಲ್ಲ. ಒತ್ತಿದ ಮಾಲಿನ ಅಂಚಿನಲ್ಲಿ ಉಳಿಯುವ ಚೂಪಿಗೆ ನಾವು ಬರ್ ಎನ್ನುತ್ತೇವೆ, ಕೈ ಕುಯ್ಯುವುದೇ ಅದು. ಲೇಬಲ್ ಮಧ್ಯಕ್ಕೆ ಕೂತಿದೆಯೇ ಎಂದೂ ಅಳೆದೆ. ಎಲ್ಲ ಅಳತೆಯೂ ಚೊಕ್ಕವಾಗಿತ್ತು. ಪೀಣ್ಯದಲ್ಲಿ ಇಂಥ ಪೀಸ್ ಸಿಕ್ಕರೆ ಆಪರೇಟರಿಗೆ ಟೀ ಕೊಡಿಸುತ್ತೇವೆ.

ಹಾಡು ಕೇಳಲಿಲ್ಲ. ಕೇಳುವುದೇನಿದೆ? ನನ್ನದೇ ಹಾಡು, ಬಾಯಿಪಾಠ. ಹೀಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಸದ್ದಿಲ್ಲದ ಕೋಣೆಯಲ್ಲಿ, ಇಪ್ಪತ್ತೈದರ ವಯಸ್ಸಿನ ನನ್ನ ಕಿರುಚು ದನಿಯನ್ನು ಒಬ್ಬನೇ ಕೂತು ಕೇಳಲು ನನಗೆ ನಾಚಿಕೆಯಾಯಿತು. ಫಾರ್ಮಿನ ಕೊನೆಯ ಸಾಲು, ಎರಡೂ ಬದಿ ಪೂರ್ತಿ ಕೇಳಿದ್ದೇನೆ, ಎಂದಿತ್ತು. ಅದಕ್ಕೂ ಟಿಕ್ ಹಾಕಿದೆ. ಫಾರ್ಮಿನಲ್ಲಿ ಒಂದು ಚೌಕ ಖಾಲಿ ಬಿಟ್ಟರೆ ಇಡೀ ಮಾಲು ವಾಪಸು ಬರುತ್ತದೆ ಎಂದು ಕಲಿತ ಕೈ ನನ್ನದು. ಮೊದಲು ಎಲ್ಲ ಚೌಕ ತುಂಬು, ಆಮೇಲೆ ಮಿಕ್ಕದ್ದು. ಕನ್ನಡದಲ್ಲಿ ಸೊಗಸಾಗಿ ಮಂಜುನಾಥ ಎಂದು ಸೈನ್ ಹಾಕಿದೆ.

ಇಷ್ಟು ವರ್ಷದಲ್ಲಿ ಯಾರೂ ತಟ್ಟೆಯನ್ನು ಅಳೆದು ನೋಡಿದ್ದಿಲ್ಲ ಎಂದು ಊವೆ ಮಾರ್ಟಿನ್‌ಗೆ ಹೇಳಿದನಂತೆ. ನಾನು ಉಬ್ಬಿಹೋದೆ. ಪ್ರೆಸ್ಸು ಉಸ್ ಎಂದು ಓಡತೊಡಗಿತು.

ಹ್ಯಾಂಬರ್ಗ್, ಬಿಡುಗಡೆ

ಆ ಶನಿವಾರ ಸಂಜೆ ಬಂದರಿನ ಹಳೇ ಗೋಡೌನಿನಲ್ಲಿ ಬಿಡುಗಡೆ. ಅಲ್ಲಿಯವರು ಗೋಡೌನನ್ನು ತೊಳೆದು, ಇಟ್ಟಿಗೆ ಕಾಣುವ ಹಾಗೆ ಬಿಟ್ಟು, ಬಿಯರ್ ಮಾರುತ್ತಾರೆ. ನಾವು ಶೆಡ್ಡನ್ನು ಗೋಡೌನ್ ಮಾಡುತ್ತೇವೆ, ಇವರು ಗೋಡೌನನ್ನು ಶೆಡ್ಡಿನ ಹಾಗೆ ಕಾಣಿಸುತ್ತಾರೆ. ಬಂದವರೆಲ್ಲ ಫ್ಯಾಕ್ಟರಿ ಕೆಲಸದವರ ನೀಲಿ ಅಂಗಿ ಹಾಕಿದ್ದರು. ಒಂದರ ಮೇಲೂ ಗ್ರೀಸ್ ಕಲೆ ಇರಲಿಲ್ಲ. ತಟ್ಟೆಯ ಹೊದಿಕೆಯ ಮೇಲೆ ಪ್ರೆಸ್ಸಿನ ಪೆಡಲ್ ಒತ್ತುತ್ತಿರುವ ಹವಾಯಿ ಚಪ್ಪಲಿಯ ಒಂದು ಕಾಲು. ಯಾರದ್ದೋ ಏನೋ, ಹಿಮ್ಮಡಿ ಬೆಣ್ಣೆಯಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಪೀಣ್ಯದ ಕಬ್ಬಿಣದ ಸದ್ದು' ಎಂದು ಇಂಗ್ಲಿಷಿನಲ್ಲಿತ್ತು.

ಚಂದ್ರು ಪರಂಪರೆಯ ಬಗ್ಗೆ ಭಾಷಣ ಮಾಡಿದ. ಇವತ್ತು ಕನ್ನಡದಲ್ಲಿ ಯಾವ ಹುಡುಗ ಮೈಕು ಹಿಡಿದರೂ ಅವನು ನಮ್ಮ ಮೊಮ್ಮಗನಂತೆ. ಆ ಹುಡುಗರಿಗೆ ನಮ್ಮ ಹೆಸರೇ ಗೊತ್ತಿಲ್ಲ, ಗೊತ್ತಾದರೆ ಪಾಪ ಮೈಕು ಕೆಳಗಿಡುತ್ತಾರೆ. ಜನ ಚಪ್ಪಾಳೆ ತಟ್ಟಿದರು. ಮಾರ್ಟಿನ್ ಮುಳ್ಳನ್ನು ತಟ್ಟೆಯ ಮೇಲಿಟ್ಟ.

ಮೊದಲ ಹಾಡು, 'ಹತ್ತಾ?'. ನನ್ನ ದನಿ ಬಂತು. ಚಂದ್ರುವಿನ ದನಿ ಬಂತು. ರತ್ನಕ್ಕ ಬರಲಿಲ್ಲ.

ಡಬ್ ಇಲ್ಲ, ಚಕ್ ಇಲ್ಲ. ಅದರ ಜಾಗದಲ್ಲಿ ಮೆತ್ತಗಿನ ಯಾವುದೋ ಡ್ರಮ್ಮು, ಯೋಗ ಕಲಿಸುವ ವಿಡಿಯೊಗಳಲ್ಲಿ ಬರುತ್ತದಲ್ಲ, ಅಂಥದ್ದು. ಎರಡನೇ ಹಾಡು ಬಂತು, ಮೂರನೆಯದು ಬಂತು, ಅದೇ ಡ್ರಮ್ಮು. ಜನರ ನಡುವೆ ನುಗ್ಗಿ ಮಾರ್ಟಿನ್‌ನ ತೋಳು ಹಿಡಿದೆ. ಪ್ರೆಸ್ಸು ಎಲ್ಲಿ ಎಂದೆ. ಯಾವ ಪ್ರೆಸ್ಸು ಎಂದ. ಡಬ್ ಚಕ್ ಎಂದು ಮೇಜು ಕುಟ್ಟಿ ತೋರಿಸಿದೆ. ಅವನ ಮುಖ ಅರಳಿತು. ಓ, ಅದಾ, ಹಳೇ ಟೇಪಿನ ತುಂಬಾ ಅಂಥ ಬಡಿತ ಇತ್ತು, ರೆಕಾರ್ಡಿಂಗ್ ಮೆಷಿನ್ ಕೆಟ್ಟಿದ್ದಿರಬೇಕು, ನಮ್ಮವನು ವಾರಗಟ್ಟಲೆ ಕೂತು ಒಂದೊಂದನ್ನೇ ಒರೆಸಿ ತೆಗೆದ ಎಂದು ಸಂತೋಷದಿಂದ ಹೇಳಿದ.

ಅದು ಕೆಟ್ಟ ಮೆಷಿನ್ ಅಲ್ಲ, ಅದು ಒಬ್ಬ ಹೆಂಗಸು ಎಂದೆ.

ಮಾರ್ಟಿನ್ ಬಿಳುಚಿಕೊಂಡ. ಹೇಳಿದೆನಲ್ಲ, ಒಳ್ಳೆಯವನು. ಆಮೇಲೆ ಮೆಲ್ಲಗೆ, ಆದರೆ ನೀವು ಎರಡೂ ಬದಿ ಕೇಳಿ ಸೈನ್ ಮಾಡಿದ್ದಿರಿ, ಅದಕ್ಕೇ ನಾವು ಒತ್ತಿದ್ದು ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನೂ ಜಗಳವಾಡಿ ಬಚಾವಾಗುತ್ತಿದ್ದೆ.

ಚಂದ್ರುವನ್ನು ಮೂಲೆಗೆ ಎಳೆದೆ. "ಲೋ, ಸದ್ದು ತೆಗೆದಿರೋದು ನಿಂಗೆ ಗೊತ್ತಿತ್ತೇನೋ?"

"ಫೋನಲ್ಲಿ ಒಂದ್ ಸ್ಯಾಂಪಲ್ ಕಳ್ಸಿದ್ರು ಮಗಾ. ಕ್ಲೀನಾಗಿತ್ತು, ಸಕ್ಕತ್ತಾಗಿತ್ತು. ಪ್ರೆಸ್ ಇಲ್ಲ ಅನ್ನಿಸ್ತು. ಆದ್ರೆ ನೀನ್ ಓಕೆ ಮಾಡ್ದಲ್ಲ, ಅದ್ಕೇ ಸುಮ್ನಾದೆ. ನೀನ್ ಬಿಡು, ಸೂಜಿ ಮೊನೆಯಷ್ಟು ತಪ್ಪಿದ್ರೂ ಬಿಡಲ್ವಲ್ಲ ಗುರು."

ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯಲು ನನಗೇನು ಹಕ್ಕು? ವೇದಿಕೆ ಹತ್ತಿ, ನನ್ನ ಹರಕು ಇಂಗ್ಲಿಷಿನಲ್ಲಿ, ಈ ತಟ್ಟೆ ರಿಜೆಕ್ಟ್, ಇದನ್ನು ಪಾಸು ಮಾಡಿದ ಇನ್ಸ್‌ಪೆಕ್ಟರ್ ನಾನೇ, ಕೇಳದೆ ಸೈನ್ ಹಾಕಿದ ಅಯೋಗ್ಯ ನಾನೇ ಎಂದು ಹೇಳಿದೆ. ಆಮೇಲೆ ಇಡೀ ಗೋಡೌನ್ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಅದನ್ನೂ ಹಾಡು ಎಂದುಕೊಂಡರು. ನೀಲಿ ಅಂಗಿಯವನೊಬ್ಬ ಬಂದು ಕೈ ಕುಲುಕಿ, ಎಷ್ಟು ಪ್ರಾಮಾಣಿಕ ಕಲೆ ಎಂದ.

ತಟ್ಟೆಗಳ ಮೇಲೆ ಹಸ್ತಾಕ್ಷರ ಹಾಕಿ ಎಂದು ಸಾಲು ನಿಂತರು. ಚಂದ್ರು ಹಾಕಿದ. ನಾನು ಹಾಕಲಿಲ್ಲ. ಮಾರ್ಟಿನ್ ಕೈ ಹಿಡಿದುಕೊಂಡು, ಇವೆಲ್ಲ ಖರ್ಚಾದರೆ ಮುಂದಿನ ಸಲ ಮೂಲ ಟೇಪಿನಿಂದಲೇ ಒತ್ತುತ್ತೇವೆ, ಟೇಪು ಬೀರುವಿನಲ್ಲಿ ಭದ್ರವಾಗಿದೆ ಎಂದ. ಬೆಂಗಳೂರಿನವರೆಗೂ ವಿಮಾನದಲ್ಲಿ ಆ ಬೀರುವಿನದೇ ಯೋಚನೆ. ರತ್ನಕ್ಕ ಕೇಳಿದ್ದು ಸದ್ದು ಎಲ್ಲಾದರೂ ಒಂದು ಕಡೆ ಇರಲಿ ಎಂದು. ಇದೆಯಲ್ಲ, ಹ್ಯಾಂಬರ್ಗಿನಲ್ಲಿ, ಬೀಗ ಹಾಕಿಕೊಂಡು. ಅವಳಿಗೋ ಕಿವಿ ಕೇಳುವುದಿಲ್ಲ. ಇದೆ ಎಂದು ತಲೆಯಾಡಿಸಿದರೆ ಮುಗಿಯಿತು. ಸುಳ್ಳೂ ಅಲ್ಲ. ಹೀಗೆ ನನ್ನ ಉತ್ತರ ಸಿದ್ಧವಾಗಿತ್ತು.

ಮತ್ತೆ ರಾಜಗೋಪಾಲನಗರ

ರತ್ನಕ್ಕ ವಠಾರದ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಕಾಳು ಪುಟ್ ಪುಟ್ ಎಂದು ಬೇಸಿನ್ನಿಗೆ ಹಾರುತ್ತಿತ್ತು, ಅದರಲ್ಲೂ ಒಂದೇ ಲಯ. ನನ್ನನ್ನು ನೋಡಿ, "ಹತ್ತಾ?" ಎಂದಳು. ಎರಡೂ ಕೈ ಬಿಚ್ಚಿ ತೋರಿಸಿದೆ.

ತಟ್ಟೆ ಕೊಟ್ಟೆ. ಕೈಯನ್ನು ಸೀರೆಗೆ ಒರೆಸಿಕೊಂಡು ಹೊದಿಕೆಯಿಂದ ಹೊರತೆಗೆದಳು. ಹೊದಿಕೆಯ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಹೆಬ್ಬೆರಳನ್ನು ಅಂಚಿನ ಸುತ್ತ ನಿಧಾನವಾಗಿ ಓಡಿಸಿದಳು.

"ಬರ್ ಇಲ್ಲ. ನೀಟಾಗ್ ಒತ್ತವ್ರೆ." ಬಿಸಿಲಿಗೆ ಹಿಡಿದು ಗೆರೆಗಳನ್ನು ನೋಡಿದಳು. "ಇದ್ರೊಳಗೈತಾ ಸದ್ದು?"

ತಲೆಯಾಡಿಸಿದೆ. ಎಷ್ಟು ಸುಲಭವಾಗಿ ಆಡಿತು ತಲೆ!

ಅವಳ ಮುಖದಲ್ಲಿ ಬಂದ ಸಂತೋಷವನ್ನು ನನ್ನಿಂದ ನೋಡಲಾಗಲಿಲ್ಲ. ಬೇಸಿನ್ನಿನ ಕಡೆ ನೋಡಿದೆ. ಕೆಟ್ಟ ಪೀಸನ್ನು ಕದ್ದು ಪಾಸು ಮಾಡಿಸುವ ಆಪರೇಟರುಗಳ ಮುಖವನ್ನು ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತು ನೋಡಿದವಳು ಅವಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

"ಮಂಜಾ, ಕೇಳಿ ಸೈನ್ ಆಕ್ದಾ, ಅಳ್ದು ಸೈನ್ ಆಕ್ದಾ?"

ಇದಕ್ಕೆ ತಲೆಯಾಡಿಸಿ ಉತ್ತರ ಕೊಡಲು ಬರುವುದಿಲ್ಲ. "ಅಳ್ದು" ಎಂದೆ, ನನಗೇ ಕೇಳದಷ್ಟು ಮೆಲ್ಲಗೆ.

"ಏನಂದೆ?"

"ಅಳ್ದು ಹಾಕ್ದೆ ಅಕ್ಕ."

"ಜೋರಾಗ್ ಏಳೋ, ಕೇಳಾಕಿಲ್ಲ."

ಕೂಗಿದೆ. ಅಳೆದು ಹಾಕಿದೆ, ಕೇಳಲಿಲ್ಲ, ನಿನ್ನ ಸದ್ದನ್ನು ಒರೆಸಿ ತೆಗೆದುಬಿಟ್ಟಿದ್ದಾರೆ, ಇದರೊಳಗೆ ಏನೂ ಇಲ್ಲ ಎಂದು ವಠಾರ ಹಾರಿಹೋಗುವ ಹಾಗೆ ಕೂಗಿದೆ. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದಳು. ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದವರು ಬಗ್ಗಿ ನೋಡಿದರು. ಹ್ಯಾಂಬರ್ಗಿನಲ್ಲಿ ಇದನ್ನೇ ಹೇಳಿದಾಗ ಚಪ್ಪಾಳೆ ತಟ್ಟಿದ್ದರು. ಇಲ್ಲಿ ಯಾರೂ ತಟ್ಟಲಿಲ್ಲ.

ರತ್ನಕ್ಕ ತಟ್ಟೆಯನ್ನು ಜೋಪಾನವಾಗಿ ಹೊದಿಕೆಯೊಳಗೆ ಸೇರಿಸಿ ಪಕ್ಕಕ್ಕಿಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೇಸಿನ್ ಹತ್ತಿರ ಎಳೆದುಕೊಂಡು ಕಾಳು ಹಿದುಕತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, ಸುಮ್ಮನೆ ತಿಳಿದುಕೊಳ್ಳುವವಳಂತೆ ಕೇಳಿದಳು:

"ನಿನ್ ಕಿವಿ ಎಲ್ಡೂ ಸರ್ಯಾಗವೆ ಅಲ್ವೇನೋ?"

ಹೌದೆಂದು ತಲೆಯಾಡಿಸಿದೆ. ಅದಕ್ಕೆ ಕೂಗಬೇಕಾಗಿರಲಿಲ್ಲ.